ಅಪ್ಪ ಡಿಪ್ಲೊಮಾ, ಅಮ್ಮ ಬಿಕಾಂ ಮುಗಿಸಿಲ್ಲ, ಮಗಳು ಫಸ್ಟ್ ಜೆನ್ ಆಗ್ತಾಳಾ?

ಆಗ್ತಾಳೆ ಸರ್, ಅಮೆರಿಕದ ಕಾಲೇಜು ಅರ್ಜಿಲಿ ಧೈರ್ಯವಾಗಿ ಹಾಕಿ. ಫಸ್ಟ್ ಜೆನ್, ಅಂದ್ರೆ ಫಸ್ಟ್ ಜನರೇಷನ್, ಅಪ್ಪ ಅಮ್ಮ ಇಬ್ಬರಿಗೂ ಬ್ಯಾಚುಲರ್ಸ್ ಡಿಗ್ರಿ ಇಲ್ಲದ ಮನೆಯ ಮಗು. ನಿಮ್ದು ಊರಲ್ಲಿ ಮಾಡಿದ ಪಾಲಿಟೆಕ್ನಿಕ್ ಡಿಪ್ಲೊಮಾ, ನಿಮ್ಮ ಮನೆಯವರು ಬಿಕಾಂ ಕೊನೇ ವರ್ಷ ಪಾಸಾಗ್ಲಿಲ್ಲ ಅಂತ ಬರ್ದಿದ್ದೀರ, ಅಂದ್ರೆ ಇಬ್ಬರಿಗೂ ಬ್ಯಾಚುಲರ್ಸ್ ಡಿಗ್ರಿ ಇಲ್ಲ. ಅಮೆರಿಕದ ಫೆಡರಲ್ ಕಾನೂನು ನೋಡೋದೂ ಇದನ್ನೇ, ಒಂದೇ ಅರ್ಜಿಲಿ ಸುಮಾರು ಕಾಲೇಜುಗಳಿಗೆ ಹಾಕೋ ಕಾಮನ್ ಆ್ಯಪ್ ನೋಡೋದೂ ಇದನ್ನೇ, ಯುಸಿ ಅನ್ನೋ ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳೂ ಅಷ್ಟೇ. ಅಕ್ಕನೋ ಅಣ್ಣನೋ ಆಗ್ಲೇ ಕಾಲೇಜಲ್ಲಿದ್ರೂ ತೊಂದ್ರೆ ಇಲ್ಲ, ಲೆಕ್ಕ ಅಪ್ಪ ಅಮ್ಮಂದು ಮಾತ್ರ. ಆದ್ರೆ ಕೆಲವು ಕಾಲೇಜು, ಸ್ಕಾಲರ್‌ಶಿಪ್‌ಗಳು ತಮ್ಮದೇ ಡೆಫಿನಿಷನ್ ಇಟ್ಕೊಂಡಿರ್ತವೆ, ಸ್ವಲ್ಪ ದಿನ ಕಾಲೇಜಿಗೆ ಹೋಗಿದ್ರೂ ಆಗಲ್ಲ ಅನ್ನೋವೂ ಇವೆ, ಅದಕ್ಕೆ ಅಪ್ಲೈ ಮಾಡೋ ಒಂದೊಂದರ ವೆಬ್‌ಸೈಟಲ್ಲೂ ಓದ್ಕೊಳ್ಳಿ.

ನಮ್ಮವರು ಸುಮಾರು ಜನ ಎಡವೋದು ಬೇರೆ ಕಡೆ. ನಾವು ಈ ದೇಶಕ್ಕೆ ಬಂದ ಮೊದಲನೇ ತಲೆಮಾರು, ಹಾಗಾಗಿ ಮಕ್ಕಳು ಫಸ್ಟ್ ಜೆನ್ ಅಂದ್ಕೋತಾರೆ. ಅದು ಬೇರೆ, ಇದು ಬೇರೆ. ಮೈಸೂರಲ್ಲಿ ಮೂರು ವರ್ಷದ ಬಿಎ ಮಾಡಿದ್ರೂ ಅದು ಡಿಗ್ರಿನೇ, ಸಾಮಾನ್ಯವಾಗಿ ಅದನ್ನ ಲೆಕ್ಕಕ್ಕೆ ತಗೋತಾರೆ. ಊರಿಂದು ಇಲ್ಲಿ ಯಾರಿಗೆ ಗೊತ್ತಾಗುತ್ತೆ ಅಂತ ಮುಚ್ಚಿಡೋದು ತಪ್ಪು, ಅರ್ಜಿಲಿ ಎಲ್ಲ ನಿಜ ಅಂತ ಸಹಿ ಹಾಕೋದು ಆ ಮಗು.

ನಮ್ಮ ಮನೇಲಿ ಇದರ ಉಲ್ಟಾ ಆಯ್ತು. ನಾನು ಹನ್ನೆರಡನೇ ವಯಸ್ಸಲ್ಲಿ ನ್ಯೂಜೆರ್ಸಿಗೆ ಬಂದೋಳು, ಅಪ್ಪ ಹೋಟೆಲ್ ಕಿಚನ್ನಲ್ಲಿ ದೋಸೆ ಕಲ್ಲಿನ ಮುಂದೆ ನಿಲ್ತಿದ್ರು, ಎಸ್ಸೆಸ್ಸೆಲ್ಸಿಗೆ ಓದು ನಿಂತಿತ್ತು, ಅಮ್ಮ ಏಳನೇ ಕ್ಲಾಸು. ಅಪ್ಪ ಅಮ್ಮ ಎಷ್ಟು ಓದಿದ್ದಾರೆ ಅನ್ನೋ ಕಾಲಂ ಬಂದಾಗ ಅಪ್ಪ ಮೆಲ್ಲಗೆ, ನಂಗೆ ಡಿಗ್ರಿ ಅಂತ ಬರಿ ಮಗಾ, ನಿನ್ನ ಸೀಟು ನನ್ನಿಂದ ಹೋಗ್ಬಾರ್ದು ಅಂದ್ರು. ಆ ಮಾತು ಈಗ ನೆನೆಸಿಕೊಂಡ್ರೂ ಗಂಟಲು ಕಟ್ಟುತ್ತೆ. ನಾನು ಇದ್ದಿದ್ದನ್ನೇ ಬರ್ದೆ, ಸೀಟು ಸಿಕ್ತು.

ಫಸ್ಟ್ ಜೆನ್ ಅಂತ ಹಾಕಿದ್ರೆ ಉಪಯೋಗ ಏನು ಅಂತ ಕೇಳಿದ್ರಲ್ಲ, ಇದೊಂದರಿಂದಲೇ ಯಾರೂ ಸೀಟ್ ಕೊಡಲ್ಲ, ಮಾರ್ಕ್ಸು, ತಗೊಂಡಿರೋ ಕೋರ್ಸುಗಳು ಮೊದಲು. ಆದ್ರೆ ಅರ್ಜಿ ಓದೋರಿಗೆ ಆ ಮಾರ್ಕ್ಸು ಎಂಥಾ ಮನೆಯಿಂದ ಬಂದಿದ್ದು ಅಂತ ಗೊತ್ತಾಗುತ್ತೆ. ಯಾವ ಕಾಲೇಜು ಇದನ್ನ ಎಷ್ಟು ನೋಡುತ್ತೆ ಅಂತ ತಿಳ್ಕೋಬೇಕಾ, ಆ ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಅಂತ ಹುಡುಕಿ, ಅದು ಕಾಲೇಜು ತನ್ನ ಬಗ್ಗೆ ತಾನೇ ಹಾಕೋ ಮಾಹಿತಿ ಪಟ್ಟಿ, ಅದರಲ್ಲಿ ಸಿ7 ಅನ್ನೋ ಟೇಬಲ್ ಇರುತ್ತೆ, ಫಸ್ಟ್ ಜನರೇಷನ್ ಅನ್ನೋ ಸಾಲಿನ ಮುಂದೆ ತುಂಬಾ ಮುಖ್ಯ, ಮುಖ್ಯ, ಪರಿಗಣಿಸ್ತೀವಿ, ಪರಿಗಣಿಸಲ್ಲ ಅಂತ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿರ್ತಾರೆ. 2023ರ ಜೂನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಕೇಸಲ್ಲಿ ಜನಾಂಗ ನೋಡಿ ಅಡ್ಮಿಷನ್ ಕೊಡೋದನ್ನ ನಿಲ್ಲಿಸ್ತಲ್ಲ, ಅಪ್ಪ ಅಮ್ಮನ ಓದನ್ನ ನೋಡೋದಕ್ಕೆ ಅದರಿಂದ ಅಡ್ಡಿ ಇಲ್ಲ.

ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಜಾಗ ಕಾಮನ್ ಆ್ಯಪ್‌ನ ಆಕ್ಟಿವಿಟೀಸ್ ಲಿಸ್ಟು, ಅಂದ್ರೆ ಕ್ಲಾಸಿನ ಹೊರಗೆ ಏನೇನ್ ಮಾಡ್ತೀರ ಅನ್ನೋ ಪಟ್ಟಿ. ಹತ್ತು ಹಾಕ್ಬಹುದು, ಅದರಲ್ಲಿ ಮನೆ ಜವಾಬ್ದಾರಿ ಅಂತಲೇ ಒಂದು ಕೆಟಗರಿ ಇದೆ, ನಮ್ಮ ಮಕ್ಕಳು ಅದನ್ನ ಮುಟ್ಟೋದೇ ಇಲ್ಲ. ಬ್ಯಾಂಕಿಂದ, ಇನ್ಶೂರೆನ್ಸಿಂದ ಬಂದ ಲೆಟರ್‌ಗಳನ್ನ ನಾನೇ ಅಮ್ಮಂಗೆ ಓದಿ ಹೇಳ್ತಿದ್ದೆ, ತಮ್ಮನ್ನ ಸ್ಕೂಲಿಂದ ಕರ್ಕೊಂಡ್ ಬಂದು ಅಡುಗೆ ಮಾಡಿ ಆಮೇಲೆ ಓದ್ತಿದ್ದೆ, ಇದೂ ಕೆಲಸ ಅಂತ ನಂಗೆ ಹೊಳೆದೇ ಇರ್ಲಿಲ್ಲ, ಒಬ್ಬ ಟೀಚರ್ ವಾರಕ್ಕೆ ಎಷ್ಟು ಗಂಟೆ ಅಂತ ಎಣಿಸಿ ಬರೆಸಿದ್ರು. ನಿಮ್ಮ ಮಗಳು ಹಿಂಗೆ ಏನ್ ಮಾಡಿದ್ರೂ ಗಂಟೆ ಸಮೇತ ಬರೀಲಿ.

ಸೀಟ್ ಸಿಕ್ಕಮೇಲೂ ಫಸ್ಟ್ ಜೆನ್ ಅನ್ನೋ ಈ ಹೆಸರು ಬಿಡ್ಬೇಡಿ. ಟ್ರಯೋ ಅಂತ ಸರ್ಕಾರದ ಕಾರ್ಯಕ್ರಮಗಳಿವೆ, 1960ರ ದಶಕದಿಂದ ನಡೀತಿವೆ, ಎಷ್ಟೋ ಕ್ಯಾಂಪಸ್‌ಗಳಲ್ಲಿ ಇಂಥ ಮಕ್ಕಳಿಗೇ ಅಂತ ಟ್ಯೂಷನ್, ಸಲಹೆ ಕೊಡೋ ಆಫೀಸ್ ಇರುತ್ತೆ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರ್ಬೇಕು, ಅದೊಂದು ನೋಡ್ಕೊಳ್ಳಿ. ಮೊದಲ ಸೆಮಿಸ್ಟರಲ್ಲಿ ಪ್ರೊಫೆಸರ್ ಹತ್ರ ಡೌಟ್ ಕೇಳೋಕೆ ಹೋಗ್ಬಹುದು ಅಂತ ನಂಗೆ ಹೇಳ್ಕೊಟ್ಟಿದ್ದೇ ಅಂಥ ಆಫೀಸಿನೋರು.

ಈಗ ಈ ವಾರ ಒಂದ್ ಕೆಲಸ ಮಾಡಿ, ಸ್ಕೂಲ್ ಕೌನ್ಸೆಲರ್‌ನ ನೀವೇ ಹೋಗಿ ನೋಡಿ. ಕಾಲೇಜುಗಳಿಗೆ ಲೆಟರ್ ಬರೆಯೋದು ಅವರೇ. ನೀವು ಏನ್ ಓದಿದ್ದೀರ, ಎಷ್ಟೊತ್ತಿನ ಶಿಫ್ಟ್ ಮಾಡ್ತೀರ, ಮಗಳು ಮನೇಲಿ ಏನೇನ್ ನೋಡ್ಕೋತಾಳೆ, ಎಲ್ಲಾ ಹೇಳಿ, ಇಂಗ್ಲಿಷ್ ತಡವರಿಸಿದ್ರೂ ಪರವಾಗಿಲ್ಲ. ನಮ್ಮಪ್ಪ ಶಿಫ್ಟ್ ಮುಗಿಸಿ ಅದೇ ಬಟ್ಟೇಲೇ ಹೋಗಿದ್ರು.