ಮಾರ್ಚ್‌ನಲ್ಲಿ ಬಂದ ಸಸಿಗಳು

ಮಾನ್ಯರೇ,

ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ನಿಮ್ಮೂರ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ ಬೆಂಗಳೂರಿನ ಕಂಪನಿಯೊಂದರ ಬಳಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನೆರವು ಕೇಳಿತ್ತು. ಶಾಲೆಗೆ ಒಬ್ಬ ಹೆಚ್ಚುವರಿ ಶಿಕ್ಷಕಿಯ ಸಂಬಳ, ದೇವರಕಾಡಿನ ಅಂಚಿಗೆ ಸ್ಥಳೀಯ ಕಾಡುಮರಗಳ ಸಸಿ ಮತ್ತು ಮೂರು ವರ್ಷದ ಕಾವಲು, ಇಷ್ಟೇ ನಿಮ್ಮ ಕೋರಿಕೆ. ಸಿಕ್ಕಿದ್ದು ಗೋಡೆಗೆ ಬಣ್ಣ, ಒಂದು ಸ್ಮಾರ್ಟ್ ಬೋರ್ಡ್ ಮತ್ತು ಮಾರ್ಚ್ ಕೊನೆಯ ವಾರದಲ್ಲಿ ಒಂದು ಲಾರಿ ಸಿಲ್ವರ್ ಓಕ್. ಇದು ದಾನವೋ ನಮ್ಮ ಹಕ್ಕೋ, ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಿರಬೇಕೋ ಎಂದು ಕೇಳಿದ್ದೀರಿ. ದೇವರಕಾಡಿನ ಬಾಗಿಲಲ್ಲಿ ಕಂಪನಿ ನಿಲ್ಲಿಸಬೇಕೆಂದಿರುವ ಫಲಕದ ಬಗ್ಗೆಯೂ ಕೇಳಿದ್ದೀರಿ.

ದಾನವಂತೂ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿಯ ನಿವ್ವಳ ಮೌಲ್ಯ, 1,000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿಯು ತನ್ನ ಹಿಂದಿನ ಮೂರು ಹಣಕಾಸು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡಾ 2ರಷ್ಟನ್ನು ಅದೇ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಹೇಳಿದ ಕೆಲಸಗಳಿಗೆ ಖರ್ಚು ಮಾಡಲೇಬೇಕು. ಶಿಕ್ಷಣ, ಪರಿಸರ ಸಮತೋಲನ, ಸಸ್ಯ ಮತ್ತು ಪ್ರಾಣಿ ಸಂಕುಲದ ರಕ್ಷಣೆ ಆ ಪಟ್ಟಿಯಲ್ಲಿವೆ. ಆದರೆ ಯಾವ ಊರಿಗೆ, ಯಾವ ಸಂಘಕ್ಕೆ ಎಂಬ ತೀರ್ಮಾನ ಕಂಪನಿಯ ಆಡಳಿತ ಮಂಡಳಿಯದು. ಆದ್ದರಿಂದ ಇದು ನಿಮ್ಮ ಊರಿನ ಹಕ್ಕೂ ಆಗುವುದಿಲ್ಲ. ಕಂಪನಿ ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ದೊಡ್ಡ ಕಾರ್ಖಾನೆಗಳಿಲ್ಲದ ನಮ್ಮ ಜಿಲ್ಲೆಗೆ ಇದರಿಂದ ನಷ್ಟವೇ ಆಗಿದೆ. ಆದರೆ ಆ ಆದ್ಯತೆ ಮಾರ್ಗದರ್ಶಕವೇ ಹೊರತು ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2021ರಲ್ಲಿ ಸ್ಪಷ್ಟಪಡಿಸಿದೆ. ಬೆಂಗಳೂರಿನ ಕಚೇರಿಗಳ ನಲ್ಲಿಯಲ್ಲಿ ಬರುವ ಕಾವೇರಿ ತಲಕಾವೇರಿಯಿಂದ ಹೊರಟು ಈ ಬೆಟ್ಟಗಳ ಮಳೆಯನ್ನು ಕೂಡಿಸಿಕೊಂಡೇ ಹೋಗುವುದರಿಂದ, ಕೊಡಗಿನ ಕಾಡಿಗಾಗಿ ಅವರ ಬಾಗಿಲು ತಟ್ಟಲು ನೀವು ಸಂಕೋಚಪಡಬೇಕಾಗಿಲ್ಲ.

ಇನ್ನು ಆ ಸಸಿಗಳ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೆಲವು ವರ್ಷಗಳ ಹಿಂದೆ ಪೊನ್ನಂಪೇಟೆ ಕಡೆಯ ಶಾಲೆಯೊಂದರ ಜಗಲಿಯಲ್ಲಿ ಇದೇ ನೋಟವನ್ನು ನಾನೂ ಕಂಡಿದ್ದೇನೆ. ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳಲ್ಲಿದ್ದ ಇನ್ನೂರಕ್ಕೂ ಹೆಚ್ಚು ಸಸಿಗಳು ಗೋಡೆಗೊರಗಿ ನಿಂತಿದ್ದವು; ತೊಟ್ಟೆಯೊಳಗಿನ ಮಣ್ಣು ಗಟ್ಟಿಯಾಗಿ ಅಂಚು ಬಿಟ್ಟಿತ್ತು; ಐದನೇ ತರಗತಿಯ ಹುಡುಗಿಯೊಬ್ಬಳು ತನ್ನ ನೀರಿನ ಬಾಟಲಿಯಲ್ಲಿ ಉಳಿದದ್ದನ್ನು ಒಂದೊಂದು ತೊಟ್ಟೆಗೂ ಒಂದೊಂದು ಗುಟುಕಿನಂತೆ ಹಂಚುತ್ತಿದ್ದಳು. ಮಾರ್ಚ್ ಎಂದರೆ ನಮ್ಮಲ್ಲಿ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗಾಗಿ ಆಕಾಶ ನೋಡುವ ಕಾಲ. ಗುಂಡಿ ತೋಡಿ ಸಸಿ ನೆಡುವುದು ಮುಂಗಾರು ಹಿಡಿದ ಮೇಲೆ, ಜೂನ್‌ನಲ್ಲಿ. ಇದು ಕೊಡಗಿನ ಯಾವ ತೋಟದ ಕಾರ್ಮಿಕನನ್ನು ಕೇಳಿದರೂ ಗೊತ್ತಾಗುವ ಸಂಗತಿ. ಕಂಪನಿಯ ಲೆಕ್ಕದ ವರ್ಷ ಮಾತ್ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಉಳಿದ ಹಣವನ್ನು ಅಷ್ಟರೊಳಗೆ ಖರ್ಚು ತೋರಿಸುವ ಅವಸರದಲ್ಲಿ ಸಸಿಗಳು ಬಿಸಿಲಿಗೆ ಬರುತ್ತವೆ. ನಿಮ್ಮೂರಿಗೆ ಬಂದದ್ದು ಹಲಸು, ನೇರಳೆ, ಧೂಪ, ಅತ್ತಿಯೂ ಅಲ್ಲ; ಬೇಗ ನೆಟ್ಟಗೆ ಬೆಳೆಯುವ ಸಿಲ್ವರ್ ಓಕ್. ಅದು ತೋಟದ ಮರ. ದೇವರಕಾಡಿನಲ್ಲಿ ಅದಕ್ಕೆ ಜಾಗವಿಲ್ಲ ಎಂಬ ನಿಮ್ಮ ಹಿರಿಯರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಈ ತೊಡಕಿಗೆ ಕಾನೂನಿನಲ್ಲಿಯೇ ದಾರಿಯಿದೆ, ನಮ್ಮ ಸಂಘಗಳು ಅದನ್ನು ಕೇಳುತ್ತಿಲ್ಲ ಅಷ್ಟೇ. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಕಂಪನಿಯು ಒಂದು ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಅಂಗೀಕರಿಸಬಹುದು. ಆಗ ಆರಂಭದ ವರ್ಷವನ್ನು ಬಿಟ್ಟು ಇನ್ನೂ ಮೂರು ಹಣಕಾಸು ವರ್ಷ ಅದು ನಡೆಯಬಹುದು. ಮಾರ್ಚ್ ಕೊನೆಗೆ ಉಳಿದ ಹಣವನ್ನು 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿಟ್ಟರೆ ಸಾಕು, ಅವಸರದ ಲಾರಿ ಬೇಕಾಗುವುದಿಲ್ಲ. ಹಾಗೆ ಅಂಗೀಕಾರವಾಗದ ಕೆಲಸದ ಹಣ ಉಳಿದರೆ ಮಾತ್ರ ಅದು ಆರು ತಿಂಗಳೊಳಗೆ ಏಳನೇ ಪರಿಶಿಷ್ಟದ ನಿಧಿಗಳಿಗೆ ಹೋಗಬೇಕು. ಆದ್ದರಿಂದ ನಿಮ್ಮ ಅರ್ಜಿಯ ಮೊದಲ ಸಾಲಿನಲ್ಲಿಯೇ ಇದು ಮುಂದುವರಿಯುವ ಯೋಜನೆ ಎಂದೂ ಯಾವ ತಿಂಗಳಲ್ಲಿ ಗುಂಡಿ, ಯಾವ ತಿಂಗಳಲ್ಲಿ ನೆಡುವುದು, ಯಾವಾಗ ಕಳೆ ತೆಗೆಯುವುದು, ಎಷ್ಟು ಬೇಸಿಗೆ ನೀರುಣಿಸುವುದು ಎಂದೂ ಬರೆಯಿರಿ. ಕಂಪನಿಗಳು ವರ್ಷಕ್ಕೊಮ್ಮೆ ಸಿಎಸ್‌ಆರ್ ಕ್ರಿಯಾಯೋಜನೆ ತಯಾರಿಸುವುದರಿಂದ ಅರ್ಜಿ ಹೊಸ ವರ್ಷಾರಂಭಕ್ಕೆ ಮೊದಲೇ, ಅಂದರೆ ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆಯೇ ಹೋಗಬೇಕು.

ಶಿಕ್ಷಕಿಯ ಸಂಬಳಕ್ಕೆ ‘ಆಡಳಿತ ವೆಚ್ಚ ಶೇಕಡಾ 5 ಮೀರುವಂತಿಲ್ಲ’ ಎಂಬ ಉತ್ತರ ಬಂತೆಂದು ಬರೆದಿದ್ದೀರಿ. ಅದು ತಪ್ಪು ಉತ್ತರ. ಆ ಮಿತಿ ಕಂಪನಿಯು ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ನಿರ್ವಹಣೆಗೆ ಮಾಡುವ ಖರ್ಚಿಗೆ ಸಂಬಂಧಿಸಿದ್ದು. ಮಕ್ಕಳಿಗೆ ಪಾಠ ಹೇಳುವವರ ಸಂಬಳ ಯೋಜನೆಯ ನೇರ ಖರ್ಚು. ಇದನ್ನು ವಿನಯವಾಗಿ, ಆದರೆ ಬರವಣಿಗೆಯಲ್ಲಿ ತಿಳಿಸಿ. ಆದಿವಾಸಿಗಳ ಹಾಡಿಗಳಿಂದಲೂ ತೋಟದ ಕಾರ್ಮಿಕರ ಲೈನ್ ಮನೆಗಳಿಂದಲೂ ಬರುವ ಮಕ್ಕಳು ಕೊಯ್ಲಿನ ತಿಂಗಳುಗಳಲ್ಲಿ ಅಪ್ಪ ಅಮ್ಮನ ಹಿಂದೆ ತೋಟಕ್ಕೆ ಹೋಗಿ ಶಾಲೆ ತಪ್ಪಿಸಿಕೊಳ್ಳುವ ನಮ್ಮ ಜಿಲ್ಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದು ತರುವ ಒಬ್ಬ ಶಿಕ್ಷಕಿ ಮಾಡುವ ಕೆಲಸವನ್ನು, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದ ಊರಿನ ಸ್ಮಾರ್ಟ್ ಬೋರ್ಡ್ ಮಾಡಲಾರದು.

ಆನೆಗಳಿಗೆಂದು ಹಾಕಿಸುವ ಸೋಲಾರ್ ಬೇಲಿಯ ಕಥೆಯೂ ಇದೇ. ಮಳೆಗಾಲದಲ್ಲಿ ಬಳ್ಳಿ ತಂತಿಗೆ ಹಬ್ಬಿದೊಡನೆ ವಿದ್ಯುತ್ ನೆಲಕ್ಕಿಳಿಯುತ್ತದೆ. ಕತ್ತಿ ಹಿಡಿದು ಪ್ರತಿವಾರ ಬೇಲಿಯುದ್ದಕ್ಕೂ ನಡೆಯುವ ಒಬ್ಬನ ಕೂಲಿಯನ್ನು ಅಂದಾಜುಪಟ್ಟಿಯಲ್ಲಿ ಯಾರೂ ಬರೆದಿರುವುದಿಲ್ಲ.

ದೀರ್ಘಕಾಲದ ನೆರವು ಸಾಧ್ಯವೇ ಇಲ್ಲವೆಂದು ಭಾವಿಸಬೇಡಿ. ಟಾಟಾ ಕಾಫಿಯ ಬೆಂಬಲದಿಂದ 1994ರಲ್ಲಿ ಆರಂಭವಾದ ಕೂರ್ಗ್ ಫೌಂಡೇಷನ್ ಸುಂಟಿಕೊಪ್ಪದಲ್ಲಿ ವಿಶೇಷ ಮಕ್ಕಳಿಗಾಗಿ ‘ಸ್ವಸ್ಥ’ ಶಾಲೆಯನ್ನು ಕಟ್ಟಿದ್ದು ಈ ಕಾಯ್ದೆ ಬರುವ ಎಷ್ಟೋ ಮೊದಲು.

ಕಾಗದಪತ್ರಗಳ ಬಗ್ಗೆ ಒಂದು ಮಾತು. ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 12ಎ ಮತ್ತು 80ಜಿ), ಇಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ, ಜೊತೆಗೆ 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಎಂಬ ನಮೂನೆಯ ನೋಂದಣಿ ಬೇಕು. ಇವು ಇಲ್ಲದಿದ್ದರೆ ಇರುವ ಟ್ರಸ್ಟ್ ಒಂದರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಿ; ಹಣ ಅವರ ಖಾತೆಗೆ ಬಂದರೂ ಯಾವ ಸಸಿ, ಯಾವ ಶಿಕ್ಷಕಿ ಎಂಬ ತೀರ್ಮಾನ ನಿಮ್ಮ ಸಮಿತಿಯಲ್ಲಿಯೇ ಉಳಿಯಲಿ.

ಫಲಕದ ಪ್ರಶ್ನೆಗೆ ನನ್ನ ಉತ್ತರ ನೇರವಾದದ್ದು: ಶಾಲೆಯ ಗೇಟಿನ ಬಳಿ ಸಾಧಾರಣ ಅಳತೆಯದು ಇರಲಿ, ದೇವರಕಾಡಿನಲ್ಲಿ ಬೇಡ. ಪ್ರಚಾರದ ಲಾಭಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು ನಿಯಮಗಳೇ ಸಿಎಸ್‌ಆರ್ ಎಂದು ಒಪ್ಪುವುದಿಲ್ಲ. ಕೊಡಗಿನ 1,200ಕ್ಕೂ ಹೆಚ್ಚು ದೇವರಕಾಡುಗಳು ಉಳಿದು ಬಂದದ್ದು ಒಣಕಡ್ಡಿಯನ್ನೂ ಅಲ್ಲಿಂದ ಮನೆಗೆ ತರಬಾರದೆಂಬ ಕಟ್ಟಳೆಯಿಂದ. ಅಂಥ ಕಡೆ ಯಾರ ಹೆಸರನ್ನೂ ಕಂಬ ನೆಟ್ಟು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ನೆಡುವುದಕ್ಕೂ ಬೇಲಿ ಹಾಕುವುದಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕೆಂಬುದನ್ನು ಕಂಪನಿಗೆ ಮೊದಲೇ ತಿಳಿಸಿ.

ಬಂದಿರುವ ಸಿಲ್ವರ್ ಓಕ್ ಸಸಿಗಳನ್ನು ನೆರಳಿಗೆ ಸರಿಸಿ ಜೂನ್‌ವರೆಗೆ ಉಳಿಸಿಕೊಂಡು ಬೇಕೆನ್ನುವ ತೋಟದವರಿಗೆ ಕೊಡಿ. ಹೊಸ ಅರ್ಜಿಯ ಕರಡನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ನಾನೇ ಓದಿ, ತಿದ್ದಿ ಹಿಂದಿರುಗಿಸುತ್ತೇನೆ.

– ಸಂಪಾದಕ