ಹಾಡು ಜೋರಾದಾಗ ದೀಪದ ಸರದ ತುದಿ ಕೆಂಪಾಗುವುದೇಕೆ?

ಹಾಡಿಗೆ ತಕ್ಕಂತೆ ಕುಣಿಯಲು ಹಾಕಿದ, 300 ಪಿಕ್ಸೆಲ್‌ಗಳ (ಪಿಕ್ಸೆಲ್ ಎಂದರೆ ಒಂದೊಂದು ದೀಪ) 5 ವೋಲ್ಟ್ ಡಬ್ಲ್ಯುಎಸ್2812ಬಿ ಎಲ್‌ಇಡಿ ಸರದಲ್ಲಿ ಬಿಳಿ ಬಣ್ಣ ತುದಿಯತ್ತ ಕೆಂಪಾಗುತ್ತದೆ, 170ರ ಆಚೆಗಿನ ದೀಪಗಳು ಹಾಡಿಗೆ ಕುಣಿಯುವುದೇ ಇಲ್ಲ ಎಂದಿದ್ದೀರಿ. ಇವೆರಡೂ ಬೇರೆ ಬೇರೆ ತೊಂದರೆಗಳು.

ಕೆಂಪಾಗುವುದು ಕರೆಂಟಿನ ಸಮಸ್ಯೆ. ಪೂರ್ತಿ ಬಿಳಿಯಲ್ಲಿ ಒಂದು ಪಿಕ್ಸೆಲ್ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. 300ಕ್ಕೆ 18 ಆಂಪ್. ಸರದ ಸಣ್ಣ ತಂತಿಯಲ್ಲಿ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ನೀಲಿ, ಹಸಿರಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಹಾಗಾಗಿ ಅವು ಮೊದಲು ಮಂಕಾಗಿ ಕೆಂಪು ಮಾತ್ರ ಉಳಿಯುತ್ತದೆ. ಪ್ರತಿ 50 ಪಿಕ್ಸೆಲ್‌ಗೊಮ್ಮೆ ಪವರ್ ಸಪ್ಲೈನಿಂದ ನೇರವಾಗಿ ದಪ್ಪ ತಂತಿ ಎಳೆದು 5 ವೋಲ್ಟ್ ಮತ್ತು ಗ್ರೌಂಡ್ ಎರಡನ್ನೂ ಕೊಡಿ, ಪ್ರತಿ ಎಳೆಗೂ ಫ್ಯೂಸ್ ಹಾಕಿ. ದೀಪಗಳಿಗೆ ಡೇಟಾ ಕಳಿಸುವ ಕಂಟ್ರೋಲರ್‌ನ ಗ್ರೌಂಡ್ ಕೂಡ ಇದಕ್ಕೇ ಸೇರಿರಬೇಕು, ಮರೆಯಬೇಡಿ. ಬ್ರೈಟ್‌ನೆಸ್ ಶೇ. 30ಕ್ಕೆ ಇಳಿಸಿ, ಕತ್ತಲಲ್ಲಿ ಅಷ್ಟು ಧಾರಾಳ ಸಾಕು, ನೋಡುವವರ ಕಣ್ಣಿಗೂ ಹಿತ.

170ರ ಲೆಕ್ಕ ಸುಲಭ. ನೆಟ್‌ವರ್ಕ್ ಮೂಲಕ ದೀಪಗಳಿಗೆ ಡೇಟಾ ಕಳಿಸುವ ಇ1.31 ಪದ್ಧತಿಯಲ್ಲಿ ಒಂದು ಯೂನಿವರ್ಸ್ (ಡೇಟಾದ ಒಂದು ಕಟ್ಟು) ಅಂದರೆ 512 ಚಾನೆಲ್, ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ 3, ಹಾಗಾಗಿ 170 ಪಿಕ್ಸೆಲ್‌ಗೆ ಅದು ಮುಗಿಯುತ್ತದೆ. ನಿಮಗೆ 900 ಚಾನೆಲ್ ಬೇಕು, ಅಂದರೆ ಎರಡು ಯೂನಿವರ್ಸ್. ಹಾಡಿಗೆ ದೀಪ ಹೊಂದಿಸುವ ಎಕ್ಸ್‌ಲೈಟ್ಸ್ ತಂತ್ರಾಂಶದಲ್ಲೂ ಕಂಟ್ರೋಲರ್‌ನಲ್ಲೂ ಎರಡನೆಯದನ್ನು ಸೇರಿಸಿ, ಆರಂಭದ ಸಂಖ್ಯೆ ಎರಡೂ ಕಡೆ ಒಂದೇ ಇರಲಿ.

ಮೊದಲ ದೀಪಗಳು ಮಿಣಮಿಣ ಅಂದರೆ ಕಂಟ್ರೋಲರ್‌ನಲ್ಲಿರುವ ಇಎಸ್‌ಪಿ32 ಚಿಪ್‌ನ 3.3 ವೋಲ್ಟ್ ಡೇಟಾ ಸಾಲುತ್ತಿಲ್ಲ ಎಂದರ್ಥ. ಮಧ್ಯೆ ಅದನ್ನು 5 ವೋಲ್ಟ್‌ಗೆ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿ.

ಹಾಡನ್ನು ತಂತಿಯ ಸ್ಪೀಕರ್‌ನಲ್ಲೇ ನುಡಿಸಿ. ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬಂದು ತಾಳ ತಪ್ಪುತ್ತದೆ.