ಮೂಗಿನ ಸರ್ಜರಿ ಆಗಿ ಎರಡು ದಿನ ಆಯ್ತು, ರಾತ್ರಿ ನೋವು ತಡೆಯೋಕೆ ಆಗ್ತಿಲ್ಲ. ಏನು ಮಾಡಲಿ?

ನೀವೀಗ ಇರುವುದೇ ಕಷ್ಟದ ಘಟ್ಟದಲ್ಲಿ. ಊತ ಎರಡು-ಮೂರನೇ ದಿನಕ್ಕೆ ಜೋರಾಗಿ, ಆಮೇಲೆ ನಿಧಾನ ಇಳಿಯುತ್ತದೆ. ನನಗೂ ಇದೇ ಸರ್ಜರಿ ಹುಬ್ಬಳ್ಳಿಯಲ್ಲಿ ಆಗಿತ್ತು. ಅರಬೈಲ್ ಘಾಟಿ ಇಳಿದು ಅಂಕೋಲೆಗೆ ಬರುವಷ್ಟರಲ್ಲಿ ಒಂದೊಂದು ತಿರುವಿಗೂ ಕಣ್ಣಲ್ಲಿ ನೀರು.

ಮನೆಗೆ ಬಂದವರೆಲ್ಲ "ನೀನೇ ಬೇಕು ಅಂತ ಮಾಡಿಸಿಕೊಂಡಿದ್ದು ಅಲ್ವಾ" ಅಂದರು. ನಾಚಿಕೆಯಾಗಿ ಸುಮ್ನೆ ಸಹಿಸಿಕೊಂಡೆ, ಮಾತ್ರೆಯನ್ನೂ ಮುಂದೂಡಿದೆ. ನಸುಕಿಗೆ ಮೂರು ಗಂಟೆಗೆ ಹಣೆಯೆಲ್ಲ ಸಿಡಿಯತೊಡಗಿತು. ನೋವು ಏರಿದ ಮೇಲೆ ನುಂಗಿದರೆ ಬೇಗ ಹಿಡಿತಕ್ಕೆ ಬರುವುದಿಲ್ಲ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಬೇಕು ಅಂತ ಮಾಡಿಸಿಕೊಂಡರೂ ನೋವು ನೋವೇ.

ಮೊದಲ ಮೂರು ದಿನ ಡಾಕ್ಟರ್ ಬರೆದ ಮಾತ್ರೆಯನ್ನು ಗಡಿಯಾರ ನೋಡಿ ತೆಗೆದುಕೊಳ್ಳಿ, ರಾತ್ರಿಗೆ ಅಲಾರಂ ಇಡಿ. ಪ್ಯಾರಸಿಟಮಾಲ್ ಎಲ್ಲ ಸೇರಿ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಬೇರೆ ನೋವಿನ ಮಾತ್ರೆ, ನೆಗಡಿ ಮಾತ್ರೆಯಲ್ಲೂ ಅದೇ ಇರಬಹುದು, ಚೀಟಿ ಓದಿ. ಆಸ್ಪಿರಿನ್, ಐಬುಪ್ರೊಫೆನ್ ಡಾಕ್ಟರನ್ನು ಕೇಳದೆ ಬೇಡ, ರಕ್ತ ಸೋರಬಹುದು.

ಇನ್ನು ಮಲಗುವುದು. ಎರಡು ದಪ್ಪ ದಿಂಬು, ಅದರ ಕೆಳಗೆ ಮಡಚಿದ ಕಂಬಳಿ. ತಲೆಯಷ್ಟೇ ಅಲ್ಲ, ಬೆನ್ನೂ ಎತ್ತರವಾಗಬೇಕು. ಆ ಒಂದು ಬದಲಾವಣೆಗೇ ನನ್ನ ಮುಖದ ಬಿಗಿತ ಅರ್ಧ ಸಡಿಲಾಯಿತು. ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆ, ಕಣ್ಣಿನ ಸುತ್ತ ಹತ್ತು ನಿಮಿಷ ಹಗುರವಾಗಿ ಇಡಿ. ಮೂಗಿನ ಪಟ್ಟಿಯ ಮೇಲೆ ಬೇಡ, ಅದು ಒದ್ದೆಯಾಗಬಾರದು. ನನಗೆ ಆಗ ಮಳೆಗಾಲ, ಕರೆಂಟ್ ಹೋಗಿ ಐಸ್ ಕರಗಿತ್ತು. ಅಮ್ಮ ಬಾವಿ ನೀರಲ್ಲಿ ಪಂಚೆ ಅದ್ದಿ, ಗಟ್ಟಿಯಾಗಿ ಹಿಂಡಿ, ಕೆನ್ನೆಗೆ ಇಡುತ್ತಿದ್ದರು. ಅಷ್ಟೇ ಸಾಕಾಯಿತು.

ಬಾಯಲ್ಲೇ ಉಸಿರಾಡುವುದರಿಂದ ಗಂಟಲು ಒಣಗುತ್ತದೆ, ಗುಟುಕು ಗುಟುಕು ನೀರು ಕುಡಿಯಿರಿ. ತಣಿದ ಗಂಜಿ, ತಂಬುಳಿ ಅನ್ನ ಆದರೆ ಜಾಸ್ತಿ ಅಗಿಯಬೇಕಿಲ್ಲ. ಸೀನು ಬಂದರೆ ಬಾಯಿ ತೆರೆದು ಸೀನಿ, ಮೂಗು ಸೀಟಬೇಡಿ. ಅರಿಶಿನ ಹಚ್ಚು ಅನ್ನುವವರು ಬರುತ್ತಾರೆ, ಡಾಕ್ಟರ್ ಹೇಳದೆ ಗಾಯಕ್ಕೆ ಏನೂ ಹಚ್ಚಬೇಡಿ.

ಆದರೆ ಮಾತ್ರೆಗೆ ಬಗ್ಗದೆ ನೋವು ಏರುತ್ತಲೇ ಇದ್ದರೆ, ಒಂದೇ ಬದಿ ದಿಢೀರನೆ ಊದಿದರೆ, ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಕಣ್ಣು ಮಂಜಾದರೆ ಬೆಳಗಾಗಲಿ ಅಂತ ಕಾಯಬೇಡಿ. ಆಪರೇಷನ್ ಮಾಡಿದ ಡಾಕ್ಟರಿಗೆ ಆಗಲೇ ಫೋನ್ ಮಾಡಿ. ಅವರು ಸಿಗದಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಡಿಸ್ಚಾರ್ಜ್ ಕಾಗದ ಕೈಯಲ್ಲಿರಲಿ.